ಡ್ರಾಯರಿನೊಳಗೆ ಕೌಬಾಯ್

"ಕಾದಂಬರಿ ಬರೆಯೋಕೆ ವಾತಾವರಣ ಬೇಕು ಕಣೋ," ಎಂದ ನಾಣಿ. "ಸಕಲೇಶಪುರದಲ್ಲಿ ಲೇಖಕರ ಶಿಬಿರ ಇದೆ, ಊಟ ವಸತಿ ಸೇರಿ. ಕಿಟಕಿ ತೆಗೆದರೆ ಬರೀ ಮಂಜು!"

"ಮಂಜಲ್ಲಿ ಕಾಗದ ಕಾಣುತ್ತಾ?" ಎಂದ ಸೀನ.

"ನಿಂಗೊಂದು ಡ್ರಾಯರ್ ಸಾಕು," ಎಂದ ವಿಶ್ವ. "ಅಮೆರಿಕದ ಕತೆಗಾರ ಎಲ್ಮೋರ್ ಲೆನರ್ಡ್ ಡೆಟ್ರಾಯಿಟ್‌ನ ಆಫೀಸಲ್ಲಿ ಕೂತು ಷೆವರ್ಲೆ ಜಾಹೀರಾತು ಬರೆಯುತ್ತಿದ್ದ. ಮೇಜಿನ ಡ್ರಾಯರ್ ಎಳೆದು, ಒಳಗೆ ಕೈ ತೂರಿಸಿ ಕೌಬಾಯ್ ಕತೆ ಗೀಚೋದು. ಯಾರಾದ್ರೂ ಬಂದರೆ ಮುಚ್ಚೋದು."

"ಬೆರಳು ಸಿಕ್ಕಿಕೊಂಡ್ರೆ?"

"ಅದಕ್ಕೇ ಅವನ ವಾಕ್ಯಗಳು ಅಷ್ಟು ಚಿಕ್ಕವು. ಬೆಳಗ್ಗೆ 5ಕ್ಕೇ ಎದ್ದು ಮನೇಲೂ ಬರೆಯೋನು. ಬರವಣಿಗೆ ಶುರು ಆಗೋವರೆಗೆ ಕಾಫಿಗೆ ನೀರಿಡುವಂತಿಲ್ಲ ಅಂತ ತನಗೆ ತಾನೇ ಕಟ್ಟಪ್ಪಣೆ."

ನಾಣಿ ತನ್ನ ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡ. "ಆದ್ರೂ ಕತೆ ನಡೆಯೋ ಅರಿಜೋನಾ ಸುತ್ತಿರ್ತಾನಲ್ಲ? ಕಳ್ಳಿ, ಕುದುರೆ, ಬಂಡೆ..."

"'ಅರಿಜೋನಾ ಹೈವೇಸ್' ಅಂತ ಪತ್ರಿಕೆಗೆ ಚಂದಾ ಕಟ್ಟಿದ್ದ. ಕಣಿವೆ ಬೇಕಾದಾಗ ಪುಟ ತಿರುಗಿಸೋದು."

"ರೀ, ನಮ್ಮನೇಲಿ ಬ್ಯಾಂಕಿನ ಕ್ಯಾಲೆಂಡರ್ ಇದೆ," ಎಂದಳು ಪದ್ದು. "ಜುಲೈ ತಿಂಗಳಲ್ಲಿ ಮಂಜೂ ಇದೆ."

"ಅಂದಹಾಗೆ, ಹವಾಮಾನದಿಂದ ಪುಸ್ತಕ ಶುರು ಮಾಡಬಾರದು ಅನ್ನೋದು ಅವನ ಮೊದಲ ನಿಯಮ," ಎಂದ ವಿಶ್ವ.

ನಾಣಿಯ ಮುಖ ಸಪ್ಪಗಾಯಿತು. ಇದುವರೆಗೆ ಅವನು ಬರೆದಿದ್ದು ಒಂದೇ ವಾಕ್ಯ. ಅದರಲ್ಲಿ ಜಡಿಮಳೆ.

"ದುಡ್ಡು ಬಂತಾ?" ಸೀನನಿಗೆ ಯಾವಾಗಲೂ ಅದೇ.

"'ತ್ರೀ-ಟೆನ್ ಟು ಯೂಮಾ' ಕತೆಗೆ 1953ರಲ್ಲಿ 90 ಡಾಲರ್. ಪದಕ್ಕೆ 2 ಸೆಂಟ್."

"ಪದಕ್ಕಾ! ಉದ್ದ ಎಳೀಬಾರದಿತ್ತಾ?"

"ಡ್ರಾಯರ್ ಚಿಕ್ಕದು. ಅದೇ ಕತೆ ಎರಡು ಸಲ ಸಿನಿಮಾ ಆಯ್ತು, 1957ರಲ್ಲಿ, 2007ರಲ್ಲಿ. ಆದ್ರೆ 1961ರಲ್ಲಿ ಅವನು ಕೆಲಸ ಬಿಡೋ ಹೊತ್ತಿಗೆ ಮನೆಮನೆಯ ಟಿವಿಯಲ್ಲೂ ಪುಕ್ಕಟೆ ಕುದುರೆ ಓಡ್ತಿತ್ತು. ಕೌಬಾಯ್ ಕತೆ ಕೊಳ್ಳೋರೇ ಇಲ್ಲ. ಐದು ಮಕ್ಕಳ ಸಂಸಾರ. ಮತ್ತೆ ಜಾಹೀರಾತು, ಶಾಲೆಗಳಲ್ಲಿ ತೋರಿಸೋ ಚಿತ್ರಗಳಿಗೆ ಬರೆಯೋದು. 'ಹೋಂಬ್ರೆ' ಕಾದಂಬರಿಯ ಸಿನಿಮಾ ಹಕ್ಕಿಗೆ 10,000 ಡಾಲರ್ ಬಂದ ಮೇಲೇ ಉಸಿರಾಡಿದ್ದು. 1972ರಲ್ಲಿ ನಟ ಕ್ಲಿಂಟ್ ಈಸ್ಟ್‌ವುಡ್‌ಗೆ 'ಜೋ ಕಿಡ್' ಸಿನಿಮಾ ಬರೆದ. ಆದ್ರೆ ಹೊಟ್ಟೆ ತುಂಬಿಸಿದ್ದು ಆಮೇಲೆ ಬರೆದ ಊರ ಕಳ್ಳರ ಕಾದಂಬರಿಗಳು."

ಯಾರೂ ಮಾತಾಡಲಿಲ್ಲ. ಪಾಪ, ಕುದುರೆ ಇಳಿಯೋದು ಸುಮ್ನೆ ಅಲ್ಲ.

"ನಮ್ಮ ಆಫೀಸಲ್ಲಿ ಡ್ರಾಯರೇ ಇಲ್ಲ ಕಣೋ," ಎಂದ ನಾಣಿ ಮೆಲ್ಲಗೆ. "ಸಿಕ್ಕಿದ ಸೀಟಲ್ಲಿ ಕೂರೋದು, ಸಂಜೆ ಎಲ್ಲಾ ಬ್ಯಾಗಿಗೆ ತುಂಬೋದು. ನಂದು ಅಂತ ಮುಚ್ಚಿಡೋಕೆ ಒಂದು ಜಾಗ ಇಲ್ಲ."

"ಅಡುಗೆಮನೇಲಿ ಎರಡಿವೆ," ಎಂದಳು ಪದ್ದು. "ಮೇಲಿನದು ಚಮಚದ್ದು, ಮುಟ್ಟಬೇಡಿ. ಕೆಳಗಿಂದು ಖಾಲಿ ಮಾಡಿಕೊಡ್ತೀನಿ."