ಅಣ್ಣನ ಕುಡಿತ ಬಿಡಿಸಲು ಹೊಸ ಔಷಧ ಏನಾದರೂ ಬಂದಿದೆಯಾ?

ಸೋಮವಾರಪೇಟೆ_ತಂಗಿ

ಅಣ್ಣನಿಗೆ 44 ವರ್ಷ. ಆರು ಎಕರೆ ಕಾಫಿ ತೋಟ ಅವನೇ ನೋಡಿಕೊಳ್ಳುತ್ತಾನೆ. ಮೊದಲು ಮದುವೆ ಮನೆಯಲ್ಲಿ, ಹಬ್ಬದಲ್ಲಿ ಮಾತ್ರ ಕುಡಿಯುತ್ತಿದ್ದ, ಅದನ್ನು ನಮ್ಮ ಕಡೆ ಯಾರೂ ತಪ್ಪು ಅನ್ನುವುದಿಲ್ಲ ಬಿಡಿ. ಎರಡು ವರ್ಷದಿಂದ ದಿನಾ ಬೇಕು. ಕಳೆದ ಮಳೆಗಾಲದಲ್ಲಿ ಕರೆಂಟ್ ಇಲ್ಲದೆ ವಾರಗಟ್ಟಲೆ ಮನೆಯಲ್ಲೇ ಕೂತಾಗ ಇನ್ನೂ ಜಾಸ್ತಿ ಆಯ್ತು. ಬೆಳಗ್ಗೆ ಕೈ ನಡುಗುತ್ತದೆ, ಒಂದು ಪೆಗ್ ಹಾಕಿದ ಮೇಲೆ ನಿಲ್ಲುತ್ತದೆ. ಯಾರದೋ ಮಾತು ಕೇಳಿ ಅತ್ತಿಗೆ ಒಂದು ಮಾತ್ರೆ ತಂದಿಟ್ಟಿದ್ದಾರೆ. ಅವನಿಗೆ ಹೇಳದೆ ಪುಡಿ ಮಾಡಿ ಸಾರಿಗೆ ಹಾಕಿದರೆ ಆಮೇಲೆ ಬಾಟಲಿ ಕಂಡರೇ ಓಡುತ್ತಾನಂತೆ. ನನಗೆ ಹೆದರಿಕೆ. ತೂಕ ಇಳಿಸುವ ಇಂಜೆಕ್ಷನ್ನಿನಿಂದ ಕುಡಿತವೂ ಬಿಡುತ್ತದೆ ಅಂತ ಮೊಬೈಲಲ್ಲಿ ಬಂತು, ನಿಜವಾ? ಇಷ್ಟೊಂದು ಸಂಸಾರ ಹಾಳಾಗುತ್ತಿವೆ, ಇದಕ್ಕೆ ಯಾಕೆ ಒಂದು ಒಳ್ಳೆಯ ಔಷಧ ಹುಡುಕುತ್ತಿಲ್ಲ?

ರಿಟೈರ್ಡ್_ಸಿಸ್ಟರ್

ಮೊದಲು ಆ ಮಾತ್ರೆ ಸಾರಿಗೆ ಹಾಕಬೇಡಿ. ಅದು ಡೈಸಲ್ಫಿರಾಮ್ ಇರಬೇಕು. ಕುಡಿದದ್ದು ದೇಹದಲ್ಲಿ ಅಸಿಟಾಲ್ಡಿಹೈಡ್ ಎಂಬ ವಿಷ ಆಗುತ್ತದೆ, ಲಿವರ್ ಅದನ್ನು ಬೇಗ ಕರಗಿಸುತ್ತದೆ. ಈ ಮಾತ್ರೆ ಆ ಕೆಲಸಕ್ಕೇ ಅಡ್ಡ ನಿಲ್ಲುತ್ತದೆ. ವಿಷ ಒಳಗೇ ಉಳಿದು ಮುಖ ಕೆಂಪಾಗುತ್ತದೆ, ವಾಂತಿ, ಎದೆ ಢವಢವ, ಬಿಪಿ ಕುಸಿತ. ಹೃದಯದ ತೊಂದರೆ ಇದ್ದವರಿಗೆ ಜೀವಕ್ಕೇ ಬರಬಹುದು. ತಾನೇ ಒಪ್ಪಿ ನುಂಗುವವನು ಹುಷಾರಾಗಿರುತ್ತಾನೆ. ಗೊತ್ತಿಲ್ಲದವನು ಸಂಜೆ ಮೂರು ಪೆಗ್ ಹಾಕಿ ಬೈಕ್ ಹತ್ತುತ್ತಾನೆ, ಅಲ್ವಾ? ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಗುಣ ಇರಬಹುದು.

ಹಾಗಂತ ಮನೆಯಲ್ಲೇ ಬಾಟಲಿ ಬಚ್ಚಿಟ್ಟು ಒಂದೇ ಸಲ ನಿಲ್ಲಿಸಲೂ ಹೋಗಬೇಡಿ. ಬೆಳಗ್ಗೆ ಕೈ ನಡುಗುತ್ತದೆ ಅಂದಿರಲ್ಲ, ಅಂಥವರಿಗೆ ಫಿಟ್ಸ್ ಬರಬಹುದು. ನಾನು ಕೆಲಸದಲ್ಲಿದ್ದಾಗ ತೋಟದ ಕೂಲಿಯವರ ಲೈನ್ ಮನೆಯ ಒಬ್ಬರು ಕಾಲು ಮುರಿದುಕೊಂಡು ಅಡ್ಮಿಟ್ ಆಗಿದ್ದರು. ಮೂರನೇ ರಾತ್ರಿ ವಾರ್ಡಿಗೆ ಆನೆ ನುಗ್ಗಿದೆ ಎಂದು ಕೂಗಿ, ಡ್ರಿಪ್ ಕಿತ್ತು ಕಿಟಕಿ ಹತ್ತಿದರು. ದಿನಾ ಕುಡಿಯುವುದು ಥಟ್ಟನೆ ನಿಂತದ್ದಕ್ಕೇ ಅದು. ಮೊದಲೇ ಗೊತ್ತಿದ್ದರೆ ನಡುಕಕ್ಕೆ ಮಾತ್ರೆ, ಥಯಾಮಿನ್ (ಬಿ1 ವಿಟಮಿನ್) ಇಂಜೆಕ್ಷನ್ ಕೊಟ್ಟು ನೋಡಿಕೊಳ್ಳುತ್ತಿದ್ದೆವು.

ಮಾತ್ರೆ_ಮಾಸ್ತರ

ಫಾರ್ಮಸಿ ಕಲಿಸುವವನು ನಾನು, ಹೊಸ ಔಷಧದ ಪ್ರಶ್ನೆಗೆ ಹೇಳುತ್ತೇನೆ. ಕುಡಿತದ ಚಟಕ್ಕೆ ಅಂತ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿರುವುದು ಮೂರೇ ಔಷಧಕ್ಕೆ. 1951ರಲ್ಲಿ ಡೈಸಲ್ಫಿರಾಮ್, 1994ರಲ್ಲಿ ನಾಲ್ಟ್ರೆಕ್ಸೋನ್, 2004ರಲ್ಲಿ ಅಕಾಂಪ್ರೋಸೇಟ್. 2006ರಲ್ಲಿ ಬಂದ ತಿಂಗಳಿಗೊಂದು ಇಂಜೆಕ್ಷನ್ ಕೂಡ ಹಳೇ ನಾಲ್ಟ್ರೆಕ್ಸೋನೇ. ಅದರಲ್ಲೂ ಡೈಸಲ್ಫಿರಾಮ್ ರಬ್ಬರ್ ಕಾರ್ಖಾನೆಯ ರಾಸಾಯನಿಕ. 1940ರ ದಶಕದಲ್ಲಿ ಡೆನ್ಮಾರ್ಕಿನ ಇಬ್ಬರು ವಿಜ್ಞಾನಿಗಳು ಹೊಟ್ಟೆಹುಳಕ್ಕೆ ಆಗುತ್ತದೇನೋ ಎಂದು ನೋಡುತ್ತಾ ತಾವೇ ನುಂಗಿದರು, ಆಮೇಲೆ ಕುಡಿದಾಗ ಅವರ ಅವಸ್ಥೆ ಕೇಳಬೇಡಿ! ನಾಲ್ಟ್ರೆಕ್ಸೋನ್ ಮೊದಲು ಬಂದದ್ದು ಹೆರಾಯಿನ್ ಥರದ ಚಟಕ್ಕೆ.

ನೀವು ಕೇಳಿದ ಇಂಜೆಕ್ಷನ್ ಸೆಮಾಗ್ಲುಟೈಡ್, ಅದು ಸಕ್ಕರೆ ಕಾಯಿಲೆಯ ಔಷಧ. ಸುದ್ದಿ ಪೂರ್ತಿ ಸುಳ್ಳಲ್ಲ. 2025ರ ಫೆಬ್ರವರಿಯಲ್ಲಿ ಅಮೆರಿಕದ ಒಂದು ಪ್ರಯೋಗದ ಫಲ ಬಂತು. 48 ಜನ, 9 ವಾರ. ಕುಡಿಯಬೇಕು ಅನ್ನುವ ಹಂಬಲ ಇಳಿಯಿತು, ಕುಡಿದ ದಿನ ಕುಡಿಯುವ ಪ್ರಮಾಣವೂ ಇಳಿಯಿತು. ಆದರೆ ಕುಡಿಯುವ ದಿನಗಳು ಹೇಳಿಕೊಳ್ಳುವಷ್ಟು ಕಡಿಮೆ ಆಗಲಿಲ್ಲ. 48 ಜನರನ್ನು ನೋಡಿ ಊರಿಗೆಲ್ಲ ಚುಚ್ಚಲು ಆಗುವುದಿಲ್ಲ.

ಇಂಥ ಪ್ರಯೋಗ ನಡೆಸುವುದೇ ಕಷ್ಟ. ಅರ್ಧದಲ್ಲೇ ಬಿಟ್ಟು ಹೋಗುವವರು ಜಾಸ್ತಿ. ಹೋಲಿಸಿ ನೋಡಲು ಅಂತ ಔಷಧವೇ ಇಲ್ಲದ, ಸುಮ್ನೆ ಬೆಲ್ಲದುಂಡೆಯಂಥ ಮಾತ್ರೆ ಕೊಟ್ಟವರೂ ಕುಡಿತ ಕಡಿಮೆ ಮಾಡುತ್ತಾರೆ, ಯಾಕಂದರೆ ವಾರವಾರ ಯಾರೋ ಕೂರಿಸಿ ವಿಚಾರಿಸುತ್ತಾರಲ್ಲ. ಆಗ ಔಷಧದ ಗುಣ ಎಷ್ಟು, ವಿಚಾರಿಸಿದ್ದರ ಗುಣ ಎಷ್ಟು ಎಂದು ಬೇರೆ ಮಾಡುವುದು ಹೇಗೆ? ಇರುವ ಔಷಧವನ್ನೇ ಬರೆದುಕೊಡುವವರು ಕಡಿಮೆ ಇರುವಾಗ ಕಂಪನಿಯವರು ಹೊಸದಕ್ಕೆ ದುಡ್ಡು ಸುರಿಯುವುದಿಲ್ಲ. ಕುಡಿತ ಕಾಯಿಲೆ ಅಲ್ಲ, ಕೊಬ್ಬು ಅನ್ನುವುದು ನಮ್ಮೂರಿನ ಮಾತು ಮಾತ್ರ ಅಂದುಕೊಂಡಿರಾ? ಹೆರಾಯಿನ್ ಥರದ್ದಕ್ಕೆ ಮೆಥಡೋನ್, ಬ್ಯುಪ್ರೆನಾರ್ಫಿನ್ ಚೆನ್ನಾಗಿ ಕೆಲಸ ಮಾಡುತ್ತವೆ. ಕೊಕೇನ್, ಮೆಥ್ ಚಟಕ್ಕೆ ಅಮೆರಿಕದಲ್ಲೂ ಒಪ್ಪಿಗೆ ಸಿಕ್ಕ ಔಷಧ ಒಂದೂ ಇಲ್ಲ.

ಕ್ಯಾಂಟೀನ್_ಕೋಟಾ

ಮಿಲಿಟರಿಯಿಂದ ಬಂದವನು. ಮಿಲಿಟರಿ ಕ್ಯಾಂಟೀನಿನಲ್ಲಿ ಸಿಗುವ ತಿಂಗಳ ಮದ್ಯದ ಕೋಟಾ ಹತ್ತು ದಿನಕ್ಕೆ ಮುಗಿಸಿ ಪಕ್ಕದ ಮನೆಯವರ ಕೋಟಾಕ್ಕೂ ಕೈ ಹಾಕುತ್ತಿದ್ದೆ. ಡಾಕ್ಟರು ಲಿವರ್ ಟೆಸ್ಟ್ ಮಾಡಿಸಿ ನಾಲ್ಟ್ರೆಕ್ಸೋನ್ 50 ಮಿಲಿಗ್ರಾಂ ಕೊಟ್ಟರು, ದಿನಕ್ಕೊಂದು. ಮೊದಲ ವಾರ ಹೊಟ್ಟೆ ತೊಳಸುತ್ತಿತ್ತು. ಇದು ಕುಡಿದರೆ ವಾಂತಿ ಬರಿಸುವ ಮಾತ್ರೆ ಅಲ್ಲ. ಐದು ತಿಂಗಳು ಚೆನ್ನಾಗಿದ್ದು ಕೈಲ್ ಪೊಳ್ದ್ ಹಬ್ಬದ ದಿನ ಎರಡು ಪೆಗ್ ಹಾಕಿಬಿಟ್ಟೆ, ಆದರೆ ಮೊದಲಿನ ಮಜಾ ಬರಲೇ ಇಲ್ಲ, ಮೂರನೆಯದು ಬೇಕು ಅನ್ನಿಸಲಿಲ್ಲ. ಈಗ ಪಂದಿ ಕರಿ ಜತೆ ನಿಂಬೆ ಸೋಡಾ. ನೆಂಟರು ನಗುತ್ತಾರೆ, ನಗಲಿ.

ಅಣ್ಣನಿಗೆ ನೇರವಾಗಿ ಹೇಳಿ. ಮಡಿಕೇರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಅದಕ್ಕೂ ಮೊದಲು 14416ಕ್ಕೆ ಫೋನ್ ಮಾಡಬಹುದು, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಸೋಮವಾರಪೇಟೆ_ತಂಗಿ

ನಿನ್ನೆ ರಾತ್ರಿ ಅಣ್ಣನಿಗೆ ಎಲ್ಲ ಹೇಳಿದೆ, ಸಾರಿನ ವಿಷಯವನ್ನೂ. ಬೈಯುತ್ತಾನೆ ಅಂದುಕೊಂಡಿದ್ದೆ, ಸುಮ್ಮನೆ ಕೂತಿದ್ದ. ಆಮೇಲೆ ಹುತ್ತರಿ ಹಬ್ಬ ಕಳೆಯಲಿ ಬರುತ್ತೇನೆ ಅಂದ.

ಕ್ಯಾಂಟೀನ್_ಕೋಟಾ

ಹುತ್ತರಿ ಆದ ಮೇಲೆ ಕಾಫಿ ಕೊಯ್ಲು ಅನ್ನುತ್ತಾನೆ, ಕೊಯ್ಲು ಆದ ಮೇಲೆ ಯಾರದಾದರೂ ಮದುವೆ. ನಾನೂ ಹೀಗೇ ಎರಡು ವರ್ಷ ತಳ್ಳಿದವನು. ಈ ವಾರವೇ ಹೊರಡಿಸಿ. ಬೇಕಾದರೆ ಜತೆಗೆ ನಾನೂ ಬರುತ್ತೇನೆ.

ಸೋಮವಾರಪೇಟೆ_ತಂಗಿ

ಗುರುವಾರ ಬೆಳಗಿನ ಬಸ್ಸಿಗೆ ಒಪ್ಪಿಸಿದ್ದೇನೆ. ಮಾತ್ರೆ ವಾಪಸ್ ಕೊಡಲು ಹೋದರೆ ಅಂಗಡಿಯವರು ತೆಗೆದುಕೊಳ್ಳಲಿಲ್ಲ. ಡಾಕ್ಟರಿಗೆ ತೋರಿಸೋಣ ಅಂತ ಬ್ಯಾಗಿಗೆ ಹಾಕಿಟ್ಟಿದ್ದೇನೆ.