ಒಲೆಯ ಬಾಯಿ ಯಾವ ಕಡೆ?

ಗದಗಿನ ಮಿರ್ಚಿ ಗಾಡಿಯ ಮುಂದೆ ನಿಂತು ನಾವು ಇನ್ನೂ ಅದೇ ಜಗಳ ಆಡುತ್ತಿದ್ದೇವೆ. ಒಲೆಯ ಬಾಯಿ ಗಾಳಿಗೆ ಎದುರಾಗಿ ಇರಬೇಕಿತ್ತೋ, ಬೆನ್ನಾಗಿ ಇರಬೇಕಿತ್ತೋ?

ಹೋದ ಶನಿವಾರ ಮಾಸ್ತರರ ಹೊಲದಲ್ಲಿ ಟೆಂಟ್ ಹಾಕಿದ್ದೆವು. ಕಪ್ಪತಗುಡ್ಡದ ಬುಡಕ್ಕೆ. ಗುಡ್ಡದ ಮೇಲೇ ಮಲಗೋಣ ಅಂತ ಇಂಜಿನಿಯರ್ ಹಟ ಹಿಡಿದಿದ್ದ. "ಅದು 2019ರಿಂದ ವನ್ಯಜೀವಿ ಧಾಮ. ಅಲ್ಲಿ ಒಲೆ ಹಚ್ಚಿದರೆ ಕಾಡಿಗೆ ಬೆಂಕಿ, ನಮಗೆ ಬೇಡಿ" ಎಂದು ಮಾಸ್ತರರು ಸುಮ್ಮನಾಗಿಸಿದರು.

"ಸುತ್ತ ಗಾಳಿ ಫ್ಯಾನು ತಿರುಗೋದು ನೋಡಿಯಾದರೂ ತಿಳೀಬೇಕಿತ್ತು" ಎಂದ ಸಣ್ಯಾ. "ಕರೆಂಟ್ ತೆಗೆಯುವಷ್ಟು ಗಾಳಿ ಇರೋ ಜಾಗಕ್ಕೆ ಈ ಪುಣ್ಯಾತ್ಮ ರಟ್ಟಿನ ಓವನ್ ತಂದಿದ್ದ. ಪಿಜ್ಜಾ ಮಾಡ್ತಾನಂತೆ!"

"ಒಳಗೆ ಫಾಯಿಲ್ ಹಚ್ಚಿದ್ದೆ ಲೇ" ಎಂದ ಇಂಜಿನಿಯರ್.

"ಫಾಯಿಲ್ ಸಮೇತ ಹಾರಿ ಬಾಜೂ ಹೊಲಕ್ಕೆ ಹೋಯ್ತಲ್ಲ. ಅಲ್ಲೀಗ ಪಳಪಳ ಹೊಳೀತದೆ. ಜೋಳದ ತೆನೆಗೆ ಹಕ್ಕಿ ಬರೋದು ನಿಂತಿದೆಯಂತೆ. ಹೊಲದವರು ಇನ್ನೊಂದು ಸಿಗ್ತದಾ ಅಂತ ಕೇಳ್ತಿದ್ದಾರೆ."

ಆದರೂ ಒಂದು ಮಾತು ಒಪ್ಪಬೇಕು. ಓವನ್ ಹೋದ ಮೇಲೆ ಇಂಜಿನಿಯರ್ ಮಾಡಿದ್ದು ಕೆಟ್ಟದಾಗಿರಲಿಲ್ಲ. ಬದನೆಕಾಯಿ ಕೆಂಡದಲ್ಲಿ ಸುಟ್ಟು, ಸಿಪ್ಪೆ ತೆಗೆದು ಹಿಸುಕಿದ. ಖಡಕ್ ರೊಟ್ಟಿಯ ಮೇಲೆ ಟೊಮೆಟೊ ರಸ ಚಿಮುಕಿಸಿ ಐದು ನಿಮಿಷ ಬಿಟ್ಟ. ಅದು ಮೆತ್ತಗಾದ ಮೇಲೆ ಬದನೆಕಾಯಿ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ. ಐದು ನಿಮಿಷ ಕಾಯದ ಸಣ್ಯಾ ಕಚ್ಚಿದ, ಕಟಕ್ ಅಂತ ಮುರಿದು ಅರ್ಧ ಅಂಗಿಯ ಮೇಲೆ.

ಇನ್ನು ಝುಣಕದ ವಿಷಯ.

"ಅದನ್ನ ತೆಗೀಬೇಡ್ರಿ" ಎಂದ ಸಣ್ಯಾ.

ತೆಗೆಯದೇ ಇರೋದು ಹೇಗೆ? ಕಟ್ಟಿಗೆ ಒಲೆಗೆ ಇಡೋ ಮುಂಚೆ ಪಾತ್ರೆಯ ಹೊರಗೆ ಸಾಬೂನು ಬಳಿದರೆ ಮಸಿ ಸಲೀಸಾಗಿ ಬಿಡುತ್ತದೆ. ಮಾಸ್ತರರು ಅಷ್ಟೇ ಹೇಳಿದ್ದು. ಆಮೇಲೆ ಒಗ್ಗರಣೆ ಆಯ್ತು, ನೀರು ಸುರಿದೆವು, ಕುದಿ ಬಂತು, ಕಡಲೆಹಿಟ್ಟು ಉದುರಿಸುತ್ತ ನಾನು ತಿರುವುತ್ತಿದ್ದೆ. ಗಂಟು ಬರಲಿಲ್ಲ. ನೊರೆ ಬಂತು. ತಿರುವಿದಷ್ಟೂ ಜಾಸ್ತಿ ಬಂತು.

"ಸಣ್ಯಾ, ಸಾಬೂನು ಎಲ್ಲಿ ಹಚ್ಚಿದೆ?"

"ಎರಡೂ ಕಡೆ. ಒಳಗೂ ತಳ ಹಿಡೀತದಲ್ಲ!"

ಮಾಸ್ತರರು ಮೂವತ್ತು ವರ್ಷ ಪಾಠ ಮಾಡಿದವರು. ಅವರಿಗೂ ಉತ್ತರ ಹೊಳೆಯಲಿಲ್ಲ.

"ಪಾತ್ರೆ ತೊಳೆಯೋದು ಮಾತ್ರ ಎಷ್ಟು ಬೇಗ ಆಯ್ತು ನೋಡ್ರಿ" ಎಂದ ಸಣ್ಯಾ, ಈಗಲೂ ಹೆಮ್ಮೆಯಿಂದ.

ಬೆಳಿಗ್ಗೆ ಮಾಸ್ತರರು ನಮ್ಮ ಯಾರ ಕೈಗೂ ಏನೂ ಕೊಡಲಿಲ್ಲ. ತಾವೇ ಸಣ್ಣ ಕುಣಿ ತೋಡಿ ಕುಳ್ಳಿನ ಕೆಂಡ ಮಾಡಿದರು. ಹಾಲುಗಾಳಿನ ಜೋಳದ ತೆನೆ ಸುಟ್ಟು, ಬಿಸಿಬಿಸಿ ಇದ್ದಾಗಲೇ ಉಜ್ಜಿ ಸೀತನಿ ಉದುರಿಸಿದರು. ಶೇಂಗಾ ಚಟ್ನಿ, ಚೂರು ಬೆಲ್ಲ. ಅರ್ಧ ತಾಸು ಯಾರೂ ಮಾತಾಡಲಿಲ್ಲ. ನಮ್ಮ ಗುಂಪಿನಲ್ಲಿ ಇದು ದಾಖಲೆ.

"ಕುಣಿ ತೋಡಿದ್ದಕ್ಕೆ ಗಾಳಿ ತಾಗಲಿಲ್ಲ" ಎಂದ ಇಂಜಿನಿಯರ್. "ಒಲೇನೂ ಹಂಗೇ ಮಾಡಿ, ಬಾಯಿ ಪೂರ್ವಕ್ಕೆ ಇಟ್ಟಿದ್ದರೆ..."

"ಪಶ್ಚಿಮಕ್ಕೆ!"

ಗಾಡಿಯವನ ಒಲೆಗೆ ಮೂರೂ ಕಡೆ ತಗಡು. ಅರ್ಧ ತಾಸಿಂದ ಎಲ್ಲ ಕೇಳಿಸಿಕೊಂಡು ಸಾಕಾಗಿತ್ತು ಅನಿಸುತ್ತದೆ. ಮಿರ್ಚಿ ತೆಗೆಯೋ ಜಾಲರಿ ಸೌಟು ಕೆಳಗಿಟ್ಟ.

"ಒಲೆ ಬಾಯಿ ಬಿಡ್ರಿ ಅಣ್ಣಾರ. ನಿಮ್ಮ ಬಾಯಿ ಮುಚ್ಚಿ ಮಿರ್ಚಿ ತಿನ್ರಿ, ಆರ್ತಾವ."

"ಮುಚ್ಚಿ ತಿನ್ನೋದು ಹೆಂಗ?" ಎಂದ ಸಣ್ಯಾ.