ಹಳೇ ಲೇತ್‌ನ ಗನ್‌ಮೆಟಲ್ ಬುಷ್ ಕಿತ್ತು ಟೇಪರ್ ರೋಲರ್ ಹಾಕ್ಸ್ಬಹುದಾ?

ಪ್ರಶ್ನೆ: ಸರ್ ನಮಸ್ಕಾರ, ಪೀಣ್ಯದಲ್ಲಿ ಚಿಕ್ಕ ಜಾಬ್ ವರ್ಕ್ ಶೆಡ್ ನಮ್ದು. ಆರಡಿ ಬೆಡ್‌ನ ಹಳೇ ಬೆಲ್ಟ್ ಲೇತ್ ಇದೆ, ಸ್ಪಿಂಡಲ್ (ಚಕ್ ತಿರುಗಿಸೋ ಶಾಫ್ಟು) ಗನ್‌ಮೆಟಲ್ ಬುಷ್ ಮೇಲೆ, ಅಂದ್ರೆ ಕಂಚಿನ ಕೊಳವೆ ಒಳಗೆ ಓಡೋದು. ಪಾರ್ಟಿಂಗ್ (ಜಾಬ್ ಕತ್ತರಿಸಿ ಬೇರೆ ಮಾಡೋದು) ಮಾಡಕ್ಕೆ ಹೋದ್ರೆ ಸಿಕ್ಕಾಪಟ್ಟೆ ಚಾಟರ್, ಗಡಗಡ ನಡುಗುತ್ತೆ. ಪಕ್ಕದ ಶೆಡ್ಡವ್ರು ಬುಷ್ ಕಿತ್ತಾಕಿ ಬೇರಿಂಗ್ ಹಾಕ್ಸಿ ಅಂತಾರೆ. ಯಾವ್ದು ಹಾಕ್ಲಿ?

ಉತ್ತರ: ಕೀಳ್ಬೇಡಿ, ಮೊದ್ಲು ಅಳೀರಿ. ಚಕ್ ಬಿಚ್ಚಿ, ಬೆಲ್ಟ್ ಸಡಿಲ ಮಾಡಿ, ಡಯಲ್ ಗೇಜ್ ಸ್ಟ್ಯಾಂಡನ್ನ ಹೆಡ್‌ಸ್ಟಾಕ್ (ಸ್ಪಿಂಡಲ್ ಕೂತಿರೋ ಪೆಟ್ಟಿಗೆ) ಮೇಲೇ ಕೂರಿಸಿ ಮುಳ್ಳು ಸ್ಪಿಂಡಲ್ ಮೂತಿಗೆ ತಾಗಿಸಿ, ಸ್ಪಿಂಡಲ್ ತೂತಿಗೆ ಅಲ್ಯೂಮಿನಿಯಂ ರಾಡ್ ತೂರಿಸಿ ಮೇಲಕ್ಕೆ ಮೀಟಿ. 0.02, 0.03 ಎಂಎಂ ಆಡಿದ್ರೆ ಬುಷ್‌ಗೆ ಅದು ಬೇಕಾದ ಪ್ಲೇನೇ (ಸಡಿಲ), ಆಯಿಲ್ ಫಿಲ್ಮ್ ನಿಲ್ಲೋದೇ ಆ ಸಂದಿಲಿ. ಹಂಗಿದ್ರೆ ಟೂಲ್ ಹೈಟು, ಕ್ರಾಸ್ ಸ್ಲೈಡ್ ಗಿಬ್ (ಸ್ಲೈಡ್ ಸಡಿಲ ಆಗದಂಗೆ ಹಿಡಿಯೋ ಪಟ್ಟಿ) ನೋಡಿ, ಪಾರ್ಟಿಂಗ್ ಚಾಟರ್ ಎಷ್ಟೋ ಸಲ ಅಲ್ಲಿಂದಾನೇ ಬರೋದು. ಪ್ಲೇ ಜಾಸ್ತಿ ಇದ್ದು ಬುಷ್ ಎರಡು ಹೋಳಿನ ಸ್ಪ್ಲಿಟ್ ಟೈಪ್ ಆಗಿದ್ರೆ, ಕ್ಯಾಪ್ ಕೆಳಗಿನ ಶಿಮ್ (ತೆಳು ತಗಡು) ಒಂದೊಂದೇ ತೆಗೀತಾ ಕೈಲಿ ತಿರುಗಿಸಿ ನೋಡ್ತಾ ಹೋಗಿ. ಉದ್ದಕ್ಕೆ ಆಡೋದು ಬೇರೆ ಲೆಕ್ಕ, ಅದಕ್ಕೆ ಹಿಂದಿನ ಥ್ರಸ್ಟ್ ಬೇರಿಂಗ್ ನಟ್ ಬಿಗಿ ಮಾಡ್ಬೇಕು.

ಇನ್ನು ಟೇಪರ್ ರೋಲರ್, ಅಂದ್ರೆ ಓರೆ ರೋಲರ್ ಇರೋ ಬೇರಿಂಗ್. ಬೇರಿಂಗ್ ಒಳ್ಳೇದೇ, ಅಡ್ಡ ಲೋಡು ಉದ್ದದ ಲೋಡು ಎರಡೂ ಹೊರುತ್ತೆ, ಗೇರ್ ಹೆಡ್ ಲೇತ್‌ಗಳಲ್ಲಿ ಅದೇ ಇರೋದು. ಆದ್ರೆ 50 ಎಂಎಂ ಸ್ಪಿಂಡಲ್‌ಗೆ 32010 ನಂಬರ್ ಬೇರಿಂಗ್ ಹಾಕ್ತೀನಿ ಅಂದ್ರೆ ಹೊರಗಿನ ಸೈಜ್ 80 ಎಂಎಂ. ನಿಮ್ಮ ಕಾಸ್ಟಿಂಗ್ ಅಷ್ಟು ಬೋರ್ ಮಾಡಿದ್ಮೇಲೆ ಗೋಡೆ ಉಳಿಯುತ್ತಾ? ಎರಡು ಬೋರ್ ಒಂದೇ ಲೈನಲ್ಲಿ, ಬೆಡ್‌ಗೆ ಪ್ಯಾರಲಲ್ ಬರ್ಬೇಕು, ಸ್ಪಿಂಡಲ್ ಮೇಲೆ ಶೋಲ್ಡರು, ಪ್ರಿಲೋಡ್ (ಸಡಿಲ ಇಲ್ದಂಗೆ ಬೇರಿಂಗ್ ಒತ್ತಿಡೋದು) ಹಿಡಿಯೋಕೆ ಥ್ರೆಡ್ಡು ಬೇಕು. ಆ ದುಡ್ಡಿಗೆ ಬುಷ್ ಹೊಸದು ಹಾಕಿಸಿ ಸ್ಪಿಂಡಲ್‌ಗೆ ಸರಿಯಾಗಿ ಕೂರೋ ಹಂಗೆ ಕೈಲಿ ಸ್ಕ್ರೇಪ್ (ಕೆರೆಯೋದು) ಮಾಡ್ಸಿದ್ರೆ ನೆಮ್ಮದಿ.

ಪ್ರಶ್ನೆ: ಸಿಎನ್‌ಸಿ (ಕಂಪ್ಯೂಟರ್ ನಡೆಸೋ) ಮೆಷಿನ್‌ಲಿ ಆ್ಯಂಗ್ಯುಲರ್ ಕಾಂಟ್ಯಾಕ್ಟ್ ಬಾಲ್ ಬೇರಿಂಗ್ ಇರುತ್ತಲ್ಲ ಸರ್, ಅಂಗಡೀಲಿ ಆ ಜಾತಿ 7210 ಸುಲಭವಾಗಿ ಸಿಗುತ್ತೆ.

ಉತ್ತರ: ಸಿಗುತ್ತೆ, ಆದ್ರೆ ಕೌಂಟರ್ ಮೇಲೆ ಸಿಗೋ 7210 ಬಿ ಅನ್ನೋದು 40 ಡಿಗ್ರಿ ಕಾಂಟ್ಯಾಕ್ಟ್ ಆ್ಯಂಗಲ್‌ದು (ಬಾಲು ಲೋಡ್ ಹೊರೋ ಓರೆ), ಪಂಪು ಕಂಪ್ರೆಸರ್‌ಗೆ ಸರಿ. ಸ್ಪಿಂಡಲ್‌ಗೆ 15 ಇಲ್ಲಾ 25 ಡಿಗ್ರಿ, ಪಿ4 ಕ್ಲಾಸು (ತುಂಬಾ ನಿಖರವಾದ್ದು), ಒಟ್ಟಿಗೆ ಜೋಡಿ ಮಾಡಿದ ಸೆಟ್ಟು. 15 ಡಿಗ್ರಿ ಸ್ಪೀಡ್‌ಗೆ, 25 ಉದ್ದದ ಲೋಡ್‌ಗೆ. ಅಡ್ಡ ಲೋಡ್ ಭಾರಿ ಇದ್ರೆ ಎನ್ಎನ್30 ಕೆ ಸೀರೀಸ್ ಅಂತ ಎರಡು ಸಾಲಿನ ರೋಲರ್, ಅದರ ಬೋರು 1:12 ಟೇಪರ್, ಸ್ಪಿಂಡಲ್ ಟೇಪರ್ ಮೇಲಕ್ಕೆ ತಳ್ಳಿದಷ್ಟೂ ಪ್ಲೇ ಹೋಗುತ್ತೆ. ಸಾವಿರಗಟ್ಟಲೆ ಆರ್‌ಪಿಎಂ ಓಡ್ಸೋರಿಗೆ ಇವೆಲ್ಲ, ನಿಮ್ಮ ಬೆಲ್ಟ್ ಲೇತ್‌ಗೆ ಯಾಕೆ? ಸಿ3 ಅಂತ ಬರೆದಿರೋ ಡೀಪ್ ಗ್ರೂವ್ (ಮಾಮೂಲಿ ಬಾಲ್) ಬೇರಿಂಗಂತೂ ಬೇಡ್ವೇ ಬೇಡ, ಪ್ಲೇ ಜಾಸ್ತಿ ಇಟ್ಟೇ ಮಾಡಿರೋದು ಅದು.

ಪ್ರಶ್ನೆ: ಸರಿ ಸರ್, ಬುಷ್‌ಗೆ ಈಗ 90 ನಂಬರ್ ಗೇರ್ ಆಯಿಲ್ ಬಿಡ್ತಿದ್ದೀನಿ...

ಉತ್ತರ: ಅದು ದಪ್ಪ ಆಯ್ತು, ಬುಷ್ ಬಿಸಿ ಆಗುತ್ತೆ. ವಿಜಿ 32 (ತೆಳ್ಳಗಿನ) ಸ್ಪಿಂಡಲ್ ಆಯಿಲ್ ಹಾಕಿ, ಬುಷ್‌ನ ಆಯಿಲ್ ಡಬ್ಬಿ ದಿನಾ ಬೆಳಿಗ್ಗೆ ತುಂಬಿ. ಡಯಲ್ ರೀಡಿಂಗ್ ಬಂದ್ಮೇಲೆ ಇಲ್ಲೇ ಹಾಕಿ, ಶಿಮ್ ಎಷ್ಟು ತೆಗೀಬೇಕು ಅಂತ ಹೇಳ್ತೀನಿ.